ಮರಿ ಹಾಕೋ ಹೆಣ್ಣಿಲಿಗೆ ಪಂಜರದಾಗ ಹಾಸು ಏನ್ ಹಾಕ್ಬೇಕ್ರಿ?

ಸೇಡಂರೋಡ್_ಇಲಿಮನಿ · ಕಲಬುರಗಿ

ಎಲ್ಲರಿಗೂ ಶರಣ್ರಿ. ನಮ್ಮ ಮನ್ಯಾಗ ಸಾಕಿದ ಇಲಿ ಅವ, ಕರಿ ತಲಿ ಬಿಳಿ ಮೈದವು. ಒಂದು ಹೆಣ್ಣು ಗಬ್ಬ ಆಗ್ಯದ. ಹೊಟ್ಟಿ ಎರಡೂ ಕಡೆ ಉಬ್ಬ್ಯದ, ಕೈಗೆ ಸಿಕ್ಕ ಕಾಗದ ಎಲ್ಲಾ ಬಾಯಾಗ ಕಚ್ಕೊಂಡು ಮೂಲಿಗೆ ಒಯ್ಲಿಕತ್ತದ. ಇನ್ನ ಒಂದು ವಾರದಾಗ ಮರಿ ಹಾಕ್ತದ ಅಂತ ನನ್ನ ಲೆಕ್ಕ.

ಈಗ ಪ್ರಶ್ನೆ ಹಾಸಿಂದು. ಕಟ್ಟಿಗೆ ಅಡ್ಡಾದಾಗ ಹೊಟ್ಟು ಪುಕ್ಕಟ್ಟೆ ಕೊಡ್ತಾರ. ಪೆಟ್ ಅಂಗಡಿಯಾಗ ಪ್ಲಾಸ್ಟಿಕ್ ಚೀಲದಾಗ 'ವುಡ್ ಶೇವಿಂಗ್ಸ್' (ಕಟ್ಟಿಗೆ ಸಿಪ್ಪಿ) ಅದ, ವಾಸನಿ ಛಲೋ ಬರ್ತದ, ಆದ್ರ ಯಾವ ಮರ ಅಂತ ಚೀಲದ ಮ್ಯಾಲ ಎಲ್ಲೂ ಬರದಿಲ್ಲ. ನಮ್ಮ ಕಾಕಾ ಚಿತ್ತಾಪುರ ಕಡೆ ಹೊಲದಿಂದ ತೊಗರಿ ಹೊಟ್ಟು ಕಳಸ್ತೀನಿ ಅಂತಾನ. ಅವ್ವ ಅಂತೂ ಗಾದಿ ಬಿಚ್ಚಿದ ಹತ್ತಿ ಅದ, ಅದರಾಗ ಬೆಚ್ಚಗ ಇರ್ತಾವ, ಹಾಕು ಅಂತಾಳ. ಇದ್ರಾಗ ಮರಿಗೆ ಯಾವ್ದು ಧೋಕಾ ಇಲ್ಲ? ಗೊತ್ತಿದ್ದವರು ಹೇಳ್ರಿ.

ಶಹಾಪುರ_ಭತ್ತ · ಯಾದಗಿರಿ ಜಿಲ್ಲಾ

ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಅಣ್ಣಾ. ಭತ್ತದ ಹೊಟ್ಟು ಹಾಕ್ರಿ. ನಮ್ಮ ಕಡೆ ನಾರಾಯಣಪುರ ಕಾಲುವಿ ನೀರು ಬಂದ ಮ್ಯಾಲ ರೈಸ್ ಮಿಲ್ಲಿಗೇನು ಕಮ್ಮಿ ಇಲ್ಲ, ಒಂದು ಚೀಲ ಬೇಕಂದ್ರ ನಾನೇ ಬಸ್ಸಿಗೆ ಹಾಕಿ ಕಳಸ್ತೀನಿ. ಕೋಳಿ ಫಾರ್ಮಿನವ್ರು ಅದನ್ನೇ ಹಾಕ್ತಾರ. ಇಲಿ ಮ್ಯಾಲ ಔಷಧಿ ಪರೀಕ್ಷೆ ಮಾಡೋ ಲ್ಯಾಬಿನಾಗೂ ಅದೇ ಹಾಕ್ತಾರಂತ, ನಮ್ಮ ತಂಗಿ ಬಿ.ಫಾರ್ಮ ಓದ್ಯಾಳ, ಆಕೀನೇ ಹೇಳಿದ್ದು.

ಅನಿಮಲ್‌ಹೌಸ್_ಹಳಬ · ಕಲಬುರಗಿ

ಶಹಾಪುರದವ್ರು ಹೇಳಿದ್ದು ಅರ್ಧ ಖರೆ. ನಾ ಒಂದು ಫಾರ್ಮಸಿ ಕಾಲೇಜಿನ ಅನಿಮಲ್ ಹೌಸಿನಾಗ, ಅಂದ್ರ ಪ್ರಯೋಗದ ಪ್ರಾಣಿ ಸಾಕೋ ಮನ್ಯಾಗ, ಕೆಲಸ ಮಾಡಿದಾವ, ವಿಸ್ಟಾರ್ ಅನ್ನೋ ಲ್ಯಾಬಿನ ಬಿಳಿ ಇಲಿ ಸಾಕೋದೇ ನನ್ನ ಡ್ಯೂಟಿ ಇತ್ತು. ನಮ್ಮ ದೇಶದ ಲ್ಯಾಬಿನಾಗ ಭತ್ತದ ಹೊಟ್ಟು ನಡೀತದ, ಸುಳ್ಳಲ್ಲ. ಆದ್ರ ಲ್ಯಾಬಿನವ್ರು ಮಿಲ್ಲಿಂದ ಬಂದ ಚೀಲ ಬಿಚ್ಚಿ ಸೀದಾ ಪಂಜರಕ್ಕ ಸುರಿಯೋದಿಲ್ಲ. ಮೊದಲು ಜರಡಿ ಹಿಡಿದು ಧೂಳು ತಗೀತಾರ, ಆಮ್ಯಾಲ ಆಟೋಕ್ಲೇವಿನಾಗ 121 ಡಿಗ್ರಿ ಉಗಿಯಾಗ ಇಟ್ಟು, ಒಣಗಿಸಿ, ಅದರ ನಂತರ ಹಾಕ್ತಾರ. ವಾರದಾಗ ಎರಡು ಮೂರು ಸಲ ಬದಲಿ ಮಾಡ್ತಾರ. ಮನ್ಯಾಗ ಕುಕ್ಕರಿನಾಗ ಹೊಟ್ಟು ಬೇಯಿಸ್ತೀನಿ ಅಂದ್ರ ನಿಮ್ಮವ್ವ ಇಲಿ ಸಮೇತ ನಿಮ್ಮನ್ನ ಹೊರಗ ಹಾಕ್ತಾಳ.

ಮಿಲ್ಲಿನ ಹೊಟ್ಟಿನಾಗ ಮೂರು ತೊಂದರಿ. ಒಂದು, ಚೂಪು. ಭತ್ತದ ಸಿಪ್ಪಿಯಾಗ ಸಿಲಿಕಾ ತುಂಬ್ಯದ, ಕೈಯಾಗ ಹಿಡಿದು ಒತ್ತಿ ತಿಕ್ಕಿ ನೋಡ್ರಿ, ತುದಿ ಚುಚ್ಚತದ. ಹುಟ್ಟಿದ ಮರಿ ಮೈಮ್ಯಾಲ ಒಂದು ಕೂದಲ ಇರೋದಿಲ್ಲ, ಚರ್ಮ ಎಷ್ಟು ತೆಳು ಅಂದ್ರ ಕುಡಿದ ಹಾಲು ಹೊಟ್ಟಿಯಾಗ ಬೆಳ್ಳಗ ಪಟ್ಟಿ ಹಂಗ ಹೊರಗಿಂದ ಕಾಣಸ್ತದ. ಎರಡು, ಹೊಟ್ಟು ಉಚ್ಚಿ ಹೀರೋದು ಕಮ್ಮಿ, ಕೆಳಗ ಹಂಗೇ ನಿಲ್ತದ. ಮೂರನೇದು ನನಗ ಎಲ್ಲಾಕ್ಕಿಂತ ದೊಡ್ಡದು ಅನಸ್ತದ: ಮಿಲ್ಲು, ಗೋದಾಮಿನಾಗ ಕಾಡಿಲಿ ರಾತ್ರಿ ಪೂರ್ತಿ ಓಡಾಡ್ತಾವ. ಅವುಗಳ ಉಚ್ಚಿ, ಹಿಕ್ಕಿ, ಮೈಮ್ಯಾಲಿನ ಹೇನು, ನುಸಿ ಎಲ್ಲಾ ಆ ಚೀಲದಾಗೇ ಬರ್ತದ. ನಮ್ಮ ಇಲಿಗೆ ರೋಗ ತರೋದು ಬ್ಯಾರೆ ಯಾರೂ ಅಲ್ಲ, ಅದರ ಬೀಗರೇ.

ತೊಗರಿ ಹೊಟ್ಟಿಗೂ ಇದೇ ಮಾತು. ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಬಂದದ, ಬ್ಯಾಳಿಗೆ ಹೆಸರದ, ಖರೆ. ಆದ್ರ ಕಾಯಿಕೊರಕ ಹುಳಕ್ಕ ಎಷ್ಟು ಸಲ ಎಣ್ಣಿ ಹೊಡೀತಾರ ನಿಮ್ಮ ಕಾಕಾನ್ನೇ ಕೇಳ್ರಿ. ಆ ಹೊಟ್ಟಿನಾಗ ಕಡ್ಡಿ ಚೂರೂ ಇರ್ತಾವ. ದನಕ್ಕ ಹಾಕ್ರಿ, ಹಾಲರೆ ಕೊಡ್ತಾವ.

ನನ್ನ ಮಾತು ಇಷ್ಟೇ: ಮೊದಲ ಮೂರು ವಾರ ಬಿಳಿ ಕಾಗದ ಬಿಟ್ಟು ಬ್ಯಾರೆ ಏನೂ ಬ್ಯಾಡ. ಯಾಕ ಅನ್ನೋದು ಸಂಜೀಕ ಬರೀತೀನಿ, ಈಗ ಮಾರ್ಕೆಟ್‌ಗೆ ಹೊಂಟೀನಿ.

ಶಹಾಪುರ_ಭತ್ತ

ಬೀಗರು ಅಂದ್ರಲ್ಲ, ನಕ್ಕೂ ನಕ್ಕೂ ಸಾಕಾತು. ಸರಿ, ಚೀಲ ಕಳಸೋದು ಕ್ಯಾನ್ಸಲ್.

ಆಳಂದದ_ಅಕ್ಕ · ಕಲಬುರಗಿ

ಹತ್ತಿ ವಿಷಯ ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ. ತಮ್ಮಾ, ಹತ್ತಿ ಹಾಕಬ್ಯಾಡ. ಅವ್ವಗ ಸಮಾಧಾನದಲೇ ತಿಳಿಸಿ ಹೇಳು.

ನಮ್ಮ ಓಣಿಯಾಗ ಒಬ್ಬರ ಮನ್ಯಾಗ ಮರಿ ನೋಡ್ಲಿಕ್ಕ ಕರೆದಿದ್ರು. ಗೂಡು ನೋಡ್ಲಿಕ್ಕ ಭಾಳ ಚಂದ, ಬೆಳ್ಳಗ ಉಬ್ಬಿಕೊಂಡಿತ್ತು. ಒಂದು ಮರಿ ಎತ್ತಿದ್ರ ಜೊತಿಗೇ ಇನ್ನೊಂದು ಮ್ಯಾಲ ಬಂತು. ಹತ್ತಿ ಎಳಿ ಎರಡರ ಕಾಲಿಗೂ ಸುತ್ತಿ ಗಂಟು ಬಿದ್ದಿತ್ತು. ಒಂದರ ಹಿಂಗಾಲು ಪಾದ ಉಬ್ಬಿ ನೀಲಿಗಟ್ಟಿತ್ತು, ಎಳಿ ಚರ್ಮದ ಒಳಗ ಇಳಿದು ಕಣ್ಣಿಗೆ ಕಾಣಸ್ತಿದ್ದಿಲ್ಲ. ಸಣ್ಣ ಕತ್ರಿ, ಭೂತಗನ್ನಡಿ ತಗೊಂಡು ಬಿಡಿಸಿದ್ವಿ. ಒಂದರ ಕಾಲು ಉಳೀತು, ಇನ್ನೊಂದರ ಪಾದ ಒಣಗಿ ಉದುರಿ ಹೋತು.

ಹತ್ತಿ ಎಳಿ ಹರಿಯೋದಿಲ್ಲ, ಅದೇ ಅದರ ಕೆಟ್ಟ ಗುಣ. ಮರಿ ಬೆಳೀತದ, ಎಳಿ ಬೆಳೆಯೋದಿಲ್ಲ. ನುಂಗಿದ್ರ ಕರುಳಿನಾಗ ಸಿಕ್ಕೊಂತದ. ಬೂರುಗದ ಹತ್ತಿ, ದಿಂಬಿನ ಪಾಲಿಸ್ಟರ್ ಹತ್ತಿ, 'ಹ್ಯಾಮ್‌ಸ್ಟರ್ ಬೆಡ್ಡಿಂಗ್' ಅಂತ ಬಣ್ಣ ಹಾಕಿ ಮಾರೋ ನೂಲಿನ ಉಂಡಿ, ಎಲ್ಲಾ ಒಂದೇ ಜಾತಿ. ಹಳೀ ಸೀರಿ, ಟವೆಲ್ ಇವೂ ಬ್ಯಾಡ. ಟವೆಲಿನ ಕುಣಿಕಿಯಾಗ ಉಗುರು ಸಿಗತದ, ಸೀರಿ ಅಂಚು ಬಿಚ್ಚಿ ದಾರ ಬರ್ತದ. ಕಾಗದ ಎಳದ್ರ ಹರೀತದ, ಅದಕ್ಕೇ ಕಾಗದ ಛಲೋ.

ಪೈನ್_ಪರವಾಗಿ · ಬೆಂಗಳೂರು, ಮೂಲ ಹುಮನಾಬಾದ

ಹತ್ತಿಯ ಬಗ್ಗೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮೇಲೆ 'ಬಿಳಿ ಕಾಗದ ಬಿಟ್ಟು ಬೇರೆ ಏನೂ ಬೇಡ' ಅಂದರಲ್ಲ, ಹಾಗೆ ಮರದ ಶೇವಿಂಗ್ಸ್ ಎಲ್ಲವನ್ನೂ ದೂರ ಇಡುವುದು ನನಗೆ ಒಪ್ಪಿಗೆ ಇಲ್ಲ. ನಾನು ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಕೋಣೆಯಲ್ಲಿ) ಒಣಗಿಸಿದ ಪೈನ್ ಮೇಲೆಯೇ ಮರಿ ಮಾಡಿಸುತ್ತೇನೆ, ಹಲವು ತಳಿ ಸಾಕಣೆದಾರರು ಹಾಗೇ ಮಾಡುತ್ತಾರೆ. ಬಿಸಿ ಗಾಳಿಯಲ್ಲಿ ಒಣಗಿಸಿದಾಗ ಪೈನಿನ ಆವಿಯಾಗುವ ಎಣ್ಣೆಗಳು ಬಹಳಷ್ಟು ಹೋಗುತ್ತವೆ. ಸೀಡರ್ ಬೇಡ, ಅದನ್ನು ಒಪ್ಪುತ್ತೇನೆ. ಪೈನನ್ನೂ ಅದರ ಪಕ್ಕದಲ್ಲೇ ಕಟ್ಟಿಹಾಕುವುದು ಅತಿಯಾಯಿತು. ಶೇವಿಂಗ್ಸ್ ವಾಸನೆಯನ್ನು ಹಿಡಿದಿಡುತ್ತದೆ, ಕಾಗದ ಎರಡೇ ದಿನಕ್ಕೆ ನಾರುತ್ತದೆ. ಮೂತ್ರದಿಂದ ಏಳುವ ಅಮೋನಿಯಾ ಅನಿಲವೂ ಶ್ವಾಸಕೋಶಕ್ಕೆ ಕೆಟ್ಟದ್ದೇ ಅಲ್ಲವೇ?

ಅನಿಮಲ್‌ಹೌಸ್_ಹಳಬ

ಹುಮನಾಬಾದದವ್ರ ಮಾತಿನಾಗ ಹುರುಳದ. ಅಮೋನಿಯಾದ್ದು ಖರೆ. ಇಲಿ ಮೂಗಿಂದ ಮಾತ್ರ ಉಸಿರಾಡೋ ಪ್ರಾಣಿ, ನಮ್ಮ ಹಂಗ ಬಾಯಿ ತೆಗೆದು ಸುಧಾರಿಸ್ಕೊಳ್ಳಲಿಕ್ಕ ಬರೋದಿಲ್ಲ. ಅದರಾಗ ಭಾಳ ಇಲಿ ಮೈಕೋಪ್ಲಾಸ್ಮಾ ಪಲ್ಮೊನಿಸ್ ಅನ್ನೋ ಬ್ಯಾಕ್ಟೀರಿಯಾ ಒಳಗೇ ಇಟ್ಕೊಂಡು ಬದುಕ್ತಾವ, ತಾಯಿಯಿಂದ ಮರಿಗೂ ಹೋಗ್ತದ. ಸುಮ್ಮನೆ ಇರ್ತದ, ಅಮೋನಿಯಾ ಇಲ್ಲಾ ಧೂಳು ಹೊಕ್ಕಿತು ಅಂದ್ರ ಎದ್ದು ಕೂಡ್ತದ. 1976ರ ಒಂದು ಸಂಶೋಧನೆಯಾಗ 25 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಾಗ 25 ಭಾಗ) ಅಮೋನಿಯಾದಾಗ ಇಟ್ಟ ಇಲಿಗಳಿಗೂ ಈ ಬ್ಯಾಕ್ಟೀರಿಯಾದ ಶ್ವಾಸಕೋಶದ ರೋಗ ಜೋರಾತು ಅಂತ ಕಂಡದ. ಪಂಜರದ ಮುಂದ ನಿಂತಾಗ ನಿಮ್ಮ ಮೂಗಿಗೆ ಘಾಟು ಬಂತು ಅಂದ್ರ ನೆಲಕ್ಕ ಮೂಗು ಹಚ್ಚಿ ಮಲಗಿದ ಮರಿಗೆ ಅದು ಎಂದೋ ತಟ್ಟ್ಯದ.

ಪೈನ್, ಸೀಡರ್ ಮಾತು ಎಲ್ಲಿಂದ ಶುರು ಆತು ಅನ್ನೋದು ಹೇಳ್ತೀನಿ. ವೆಸೆಲ್ ಅನ್ನೋ ವಿಜ್ಞಾನಿ 1967ರಾಗ 'ಸೈನ್ಸ್' ಪತ್ರಿಕೆಯಾಗ ಬರೆದದ್ದು. ಸೀಡರ್ ಹಂಥ ಮೆತ್ತನ್ನ ಮರದ ಹಾಸಿನ ಮ್ಯಾಲ ಇಟ್ಟ ಇಲಿಗೆ ನಿದ್ದಿ ಔಷಧಿ ಕೊಟ್ರ ಅವು ಬ್ಯಾಗ ಎದ್ದು ಕೂಡ್ತಿದ್ವು. ಯಾಕಂದ್ರ ಆ ಮರದ ಆವಿ ಒಳಗ ಹೋಗಿ ಯಕೃತ್ತಿನ ಕಿಣ್ವ ಹೆಚ್ಚಿಗಿ ಕೆಲಸ ಮಾಡ್ಲಿಕತ್ತಿದ್ವು, ಔಷಧಿ ಜಲ್ದಿ ಕರಗಿಸಿ ಹೊರಗ ಹಾಕ್ತಿದ್ವು. ಅಂದ್ರ ಹಾಸು ಬರೇ ಹಾಸಲ್ಲ, ರಕ್ತಕ್ಕ ಸೇರೋ ವಸ್ತು. ಲ್ಯಾಬಿನವ್ರಿಗೆ ಇದು ಪ್ರಯೋಗದ ಲೆಕ್ಕ ಕೆಡಸೋ ತಲಿನೋವು, ಸಾಕೋರಿಗೆ ಯಕೃತ್ತಿನ ಮ್ಯಾಲ ಬೀಳೋ ಭಾರ.

ಕಿಲ್ನಿನಾಗ ಒಣಗಿಸಿದ್ರ ಆ ಆವಿ ಕಮ್ಮಿ ಆಗ್ತದ, ನಿಮ್ಮ ಮಾತು ಒಪ್ಪಿದೆ. ನನ್ನ ತಕರಾರು ಏನಂದ್ರ, ಸೇಡಂರೋಡಿನ ತಮ್ಮ ಕೈಯಾಗ ಹಿಡಿದ ಚೀಲದ ಮ್ಯಾಲ ಮರದ ಹೆಸರೇ ಇಲ್ಲ, ಇನ್ನ ಕಿಲ್ನ್ ಎಲ್ಲಿ ಹುಡುಕೋದು? ವಾಸನಿ ಛಲೋ ಬರ್ತದ ಅಂತ ತಾನೇ ಬರ್ದಾನ. ಆ ವಾಸನೀನೇ ನಮಗ ಬ್ಯಾಡಾದ್ದು. ನಿಮಗ ಗೊತ್ತಿರೋ ಮಾಲು ನೀವು ಬಳಸ್ರಿ, ಗೊತ್ತಿಲ್ಲದ ಮಾಲು ಹುಟ್ಟಿದ ಮರಿ ಕೆಳಗ ಹಾಕೋದು ಬ್ಯಾಡ.

ಇನ್ನೊಂದು ಮಾತು ಅದ, ಇದು ಭಾಳ ಮಂದಿಗೆ ಗೊತ್ತಿರೋದಿಲ್ಲ. ಹುಟ್ಟಿದ ಮರಿ ಕಣ್ಣು ಬಿಟ್ಟಿರೋದಿಲ್ಲ, ಕಿವಿ ಮುಚ್ಚಿರ್ತದ. ತಾಯಿ ಮೊಲಿ ಹುಡುಕೋದು ಪೂರಾ ಮೂಗಿನ ಮ್ಯಾಲ. 1976ರಾಗೇ ಇನ್ನೊಂದು ಪ್ರಯೋಗ ಆತು: ತಾಯಿ ಮೊಲಿ ತೊಳೆದು ಬಿಟ್ರು, ಮರಿ ಬಾಯಿ ಹಚ್ಚಲಿಲ್ಲ. ಮರಿ ಜೊಲ್ಲು ಮತ್ತ ಅಲ್ಲಿ ಸವರಿದ್ರು, ಹಚ್ಚಿದ್ವು. ಹಂಥಾದ್ರಾಗ ಗೂಡಿನ ತುಂಬ ಲ್ಯಾವೆಂಡರ್, ಪೈನ್, ಕರ್ಪೂರದ ಘಮ ತುಂಬೋದು ಯಾಕ? ಸುವಾಸನಿ ಹಚ್ಚಿದ ಟಿಶ್ಯೂ ಸಹ ಬ್ಯಾಡ. ಪಂಜರ ಇಟ್ಟ ಖೋಲ್ಯಾಗ ಊದಬತ್ತಿ, ಲೋಬಾನ, ಸೊಳ್ಳಿ ಬತ್ತಿ ಹಚ್ಚಬ್ಯಾಡ್ರಿ.

ಪೈನ್_ಪರವಾಗಿ

ಮೊಲೆ ತೊಳೆದ ಪ್ರಯೋಗ ನನಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಚೀಲ ಬೇಡ ಅನ್ನುವುದಕ್ಕೆ ನನ್ನ ಮತವೂ ಇದೆ. ಮರಿಗಳು ದೊಡ್ಡವಾದ ಮೇಲೆ ಪೈನ್ ಬಗ್ಗೆ ಜಗಳ ಮುಂದುವರಿಸೋಣ.

ರಂಧಾ_ಹೊಡಿಯಾವ · ಕಲಬುರಗಿ, ಶಹಾಬಜಾರ

ನಾವು ಬಡಿಗ್ಯಾರ ಮಂದಿ. ಕಟ್ಟಿಗೆ ಅಡ್ಡಾದ ಹೊಟ್ಟು ಪುಕ್ಕಟ್ಟೆ ಯಾಕ ಕೊಡ್ತಾರ ಅಂತ ನಾ ಹೇಳ್ತೀನಿ. ಗರಗಸದ ಕೆಳಗಿನ ಗುಂಪಿ ಒಂದು ಮರದ್ದಲ್ಲ. ಮುಂಜಾನಿ ಬಾಗಲ ಚೌಕಟ್ಟಿಗೆ ಸಾಗವಾನಿ ಕೊಯ್ತಾರ, ಮಧ್ಯಾಹ್ನ ಜಾಲಿ, ಬೇವು, ಸಂಜೀಕ ಪ್ಯಾಕಿಂಗ್ ಪೆಟ್ಟಿಗಿಯ ಪೈನ್. ಎಲ್ಲಾ ಒಂದೇ ಗುಂಪಿಗೆ ಬೀಳ್ತದ. ಸಾಗವಾನಿ ಪುಡಿ ನಮಗೇ ಆಗಿ ಬರೋದಿಲ್ಲ, ನಮ್ಮ ಅಣ್ಣಗ ಅದನ್ನ ಮುಟ್ಟಿದ್ರ ಮೊಣಕೈ ತನ ತುರಿಕಿ ಏಳ್ತದ, ಸೀನು ನಿಲ್ಲೋದಿಲ್ಲ.

ಅದಕ್ಕಿಂತ ಕೆಟ್ಟದ್ದು ಫರ್ನಿಚರ್ ಅಂಗಡಿಯ ಪುಡಿ. ಈಗ ಅರ್ಧ ಕೆಲಸ ಪ್ಲೈವುಡ್, ಎಂಡಿಎಫ್ ಮ್ಯಾಲೇ. ಎಂಡಿಎಫ್ ಅಂದ್ರ ಕಟ್ಟಿಗೆ ಪುಡಿಗೆ ಫಾರ್ಮಾಲ್ಡಿಹೈಡ್ ಅಂಟು ಕಲಸಿ ಒತ್ತಿದ ಹಲಗಿ. ಕೊಯ್ದಾಗ ಕಣ್ಣಾಗ ನೀರು ಬರ್ತದ. ಅದರ ಪುಡಿ ಮೈದಾ ಹಿಟ್ಟಿಗಿಂತ ಸಣ್ಣ. ಗೆದ್ದಲಿ ಹತ್ತಬಾರದು ಅಂತ ಔಷಧಿ ಹಾಕಿದ ಕಟ್ಟಿಗೆ ಬ್ಯಾರೆ.

ರಂಧಾ ಹೊಡದಾಗ ಸುರುಳಿ ಸುರುಳಿ ಸಿಪ್ಪಿ ಬರ್ತದಲ್ಲ, ಅದು ಪುಡಿಗಿಂತ ವಾಸಿ, ಧೂಳು ಕಮ್ಮಿ. ಆದ್ರ ಮತ್ತದೇ ಪ್ರಶ್ನೆ, ಯಾವ ಮರ? ನೀವು ನಿಂತು ನೋಡಿ ಒಂದೇ ಮರದ್ದು ತುಂಬ್ಕೊಂಡ್ರ ಮಾತ್ರ ಗೊತ್ತಾಗ್ತದ. ನಾನಂತೂ ಯಾರಿಗೂ ಮರಿ ಕೆಳಗ ಹಾಕ್ರಿ ಅಂತ ಕೊಡೋದಿಲ್ಲ.

ಗುಲ್ಬರ್ಗಾ_ಬಿಸಿಲು

ಒಂದು ಇಲಿಗೆ ಇಷ್ಟು ಚರ್ಚಾ? ಗಂಜ್‌ನಾಗ ಇಲಿ ಪಾಷಾಣ ಹತ್ತು ರೂಪಾಯಿಗೆ ಸಿಗ್ತದ.

ಆಳಂದದ_ಅಕ್ಕ

ಗಣಪ್ಪನ ಹಬ್ಬಕ್ಕ ಮೋದಕ ತಿನ್ಲಿಕ್ಕ ಬರ್ತೀಯಲ್ಲ, ಅಂದು ಅವನ ಗಾಡಿಗೆ ಏನ್ ಹಾಕಿದಿ ಅಂತ ಕೇಳ್ತಾನ. ಮುಂದ ನಡಿ.

ಬೀದರ_ಪಶುವೈದ್ಯ · ಬೀದರ

ಎಲ್ಲರೂ ಧೂಳು, ವಾಸನೆ, ಎಳೆ ಇವುಗಳ ಬಗ್ಗೆ ಹೇಳಿದ್ದೀರಿ. ನಮ್ಮ ಭಾಗಕ್ಕೇ ಹೊಂದುವ ಒಂದು ವಿಷಯ ಬಿಟ್ಟುಹೋಗಿದೆ: ಗಾಳಿಯ ತೇವ.

ಮಾರ್ಚಿನಿಂದ ಮೇ ತನಕ ಕಲಬುರಗಿ, ಬೀದರ, ಯಾದಗಿರಿ ಗಾಳಿ ಎಷ್ಟು ಒಣಗಿರುತ್ತದೆ ಎಂದು ತುಟಿ ಒಡೆದವರಿಗೆ ಗೊತ್ತು. ಇಲಿ ಮರಿಗಳಿಗೆ ಒಣ ಗಾಳಿಯಲ್ಲಿ ರಿಂಗ್‌ಟೇಲ್ ಅನ್ನುವ ತೊಂದರೆ ಬರುತ್ತದೆ. ಬಾಲದ ಮೇಲೆ ಉಂಗುರ ಹಾಕಿದ ಹಾಗೆ ಚರ್ಮ ಬಿಗಿಯುತ್ತದೆ, ಅದರಿಂದಾಚೆಗೆ ಬಾಲ ಊದಿ ಕೆಂಪಾಗುತ್ತದೆ. ಹಾಗೇ ಬಿಟ್ಟರೆ ರಕ್ತ ಹರಿಯದೆ ತುದಿ ಒಣಗಿ ಬೀಳುತ್ತದೆ. ಇನ್ನೂ ಹಾಲು ಕುಡಿಯುವ ಮರಿಗಳಲ್ಲೇ ಇದು ಹೆಚ್ಚು. ತೇವಾಂಶ 40 ಪ್ರತಿಶತಕ್ಕಿಂತ ಕೆಳಗಿಳಿದಾಗ ಹೆದರಿಕೆ. ತಂತಿಯ ತಳದ ಪಂಜರ, ಗೂಡಿಲ್ಲದ ಬರಿಯ ನೆಲ, ಇದ್ದಬದ್ದ ತೇವವನ್ನೆಲ್ಲ ಹೀರಿಬಿಡುವ ಹಾಸು, ಇವು ಅದನ್ನು ಇನ್ನೂ ಕೆಡಿಸುತ್ತವೆ. ಹೀಗಾಗಿ 'ಎಷ್ಟು ಹೀರಿದರೆ ಅಷ್ಟು ಒಳ್ಳೆಯದು' ಎಂದು ಸಿಲಿಕಾ ಹರಳಿನ ಬೆಕ್ಕಿನ ಲಿಟರ್ (ಬೆಕ್ಕಿನ ಮಲಮೂತ್ರಕ್ಕೆ ಹಾಸುವ ಹರಳು) ಹಾಕುವುದು ತಪ್ಪು. ಗಟ್ಟಿ ಉಂಡೆ ಕಟ್ಟುವ ಮಣ್ಣಿನ ಲಿಟರ್ ಅಂತೂ ಮರಿಯ ಬಾಯಿಗೆ, ಮೂಗಿಗೆ ಮೆತ್ತಿಕೊಳ್ಳುತ್ತದೆ.

ಉಪಾಯ ಕಷ್ಟದ್ದಲ್ಲ. ಆಳವಾದ ಕಾಗದದ ಗೂಡು ಇದ್ದರೆ ತಾಯಿ ಮೈ, ಮರಿಗಳ ಮೈ ಸೇರಿ ಒಳಗೇ ಒಂದಿಷ್ಟು ತೇವ ನಿಲ್ಲುತ್ತದೆ. ಕೋಣೆಯಲ್ಲಿ ಕೂಲರ್ ಹಚ್ಚಿ, ಆದರೆ ಗಾಳಿ ನೇರವಾಗಿ ಪಂಜರಕ್ಕೆ ಬಡಿಯಬಾರದು. ಮರಿಗೆ ತನ್ನ ಮೈ ಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ, ಕಲಬುರಗಿಯ ಬಿಸಿಲಲ್ಲೂ ಕೂಲರ್ ಗಾಳಿಗೆ ನಡುಗುತ್ತದೆ. ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಇಟ್ಟುಕೊಂಡು 50 ಪ್ರತಿಶತದ ಆಸುಪಾಸು ನೋಡಿಕೊಳ್ಳಿ. ಮಳೆಗಾಲಕ್ಕೆ ಇದೇ ಮಾತು ತಿರುಗುತ್ತದೆ: ಆಗ ಕೂಲರ್ ಬೇಡ, ಒದ್ದೆ ಹಾಸು ಬೂಸ್ಟು ಹಿಡಿಯುತ್ತದೆ.

ಅನಿಮಲ್‌ಹೌಸ್_ಹಳಬ

ಡಾಕ್ಟರ್ ಸಾಹೇಬ್ರು ಹೇಳಿದ ರಿಂಗ್‌ಟೇಲ್ ನಾ ಕಣ್ಣಾರೆ ನೋಡೀನಿ, ಏಪ್ರಿಲ್‌ನಾಗೇ. ಲ್ಯಾಬಿನ ಮಾರ್ಗಸೂಚಿಯಾಗ 18ರಿಂದ 29 ಡಿಗ್ರಿ, ತೇವಾಂಶ 30ರಿಂದ 70 ಅಂತ ಬರ್ದಾರ. ನಮ್ಮೂರಾಗ ಹೊರಗ 43 ಇದ್ದಾಗ ಎಸಿ ಬಂದ್ ಬಿತ್ತು ಅಂದ್ರ ಆ ಮಾರ್ಗಸೂಚಿ ಗ್ವಾಡಿ ಮ್ಯಾಲೇ.

ಒಂದು ನಮ್ಮೂರ ಉಪಾಯ: ಪಂಜರದ ಅರ್ಧದಾಗ ಒಂದು ತುಂಡು ಶಹಾಬಾದ ಪರಸಿ ಇಡ್ರಿ, ಅದರ ಮ್ಯಾಲ ಹಾಸು ಬ್ಯಾಡ. ತಾಯಿಗೆ ಶಕಿ ಆದಾಗ ಗೂಡಿಂದ ಎದ್ದು ಬಂದು ಅದರ ಮ್ಯಾಲ ಹೊಟ್ಟಿ ಹಚ್ಚಿ ಮಲಗತದ, ಬಾಲಾನೂ ಚಾಚತದ. ಇಲಿಗೆ ನಮ್ಮ ಹಂಗ ಬೆವರು ಬರೋದಿಲ್ಲ, ಮೈಯಾಗಿನ ಬಿಸಿ ಬಾಲದಿಂದ ಭಾಳ ಹೊರಗ ಹೋಗತದ. ಕಲ್ಲು ಗೂಡಿನ ಕೆಳಗ ಮಾತ್ರ ಬರಬಾರದು, ಮರಿ ತಣ್ಣಗಾಗ್ತಾವ.

ಕೂಲರ್_ರಿಪೇರಿ · ಯಾದಗಿರಿ

ಒಂದು ಡೌಟು. ಕೂಲರಿನಾಗ ಹಾಕೋ ಹುಲ್ಲು ಅದಲ್ಲ, ಕಟ್ಟಿಗೆ ಎಳಿಯಂಗ ಇರ್ತದ, ಅದು ಗೂಡಿಗೆ ನಡೀತದಾ? ಹೊಸಾದು ಸೀಸನ್ನಿನಾಗ ರಾಶಿ ಇರ್ತದ ನನ್ನ ಕಡೆ. ಲಾವಂಚದ ಪ್ಯಾಡೂ ಅದ.

ರಂಧಾ_ಹೊಡಿಯಾವ

ಅದು ಹುಲ್ಲಲ್ಲ ತಮ್ಮಾ, ಕಟ್ಟಿಗೀನೇ ಎಳಿ ಎಳಿ ಮಾಡಿದ್ದು. ಯಾವ ಮರ ಅಂತ ಮಾರೋವ್ರಿಗೂ ಗೊತ್ತಿರೋದಿಲ್ಲ. ಗಟ್ಟಿ, ಚುಚ್ಚತದ ಬ್ಯಾರೆ.

ಬೀದರ_ಪಶುವೈದ್ಯ

ಲಾವಂಚದ ಬೇರಿನಲ್ಲಿ ಘಮದ ಎಣ್ಣೆ ಇರುತ್ತದೆ, ಕೂಲರಿಗೆ ಚೆಂದ, ಗೂಡಿಗೆ ಬೇಡ. ಮೇಲೆ ಮೊಲೆ ತೊಳೆದ ಪ್ರಯೋಗ ಓದಿದರಲ್ಲ, ಅದೇ ಕಾರಣ.

ಸೇಡಂರೋಡ್_ಇಲಿಮನಿ

ಇಷ್ಟೆಲ್ಲಾ ಸಿಗತದ ಅಂತ ಅನ್ಕೊಂಡಿದ್ದಿಲ್ಲ. ಅವ್ವಗ ಅಕ್ಕಾ ಬರೆದದ್ದು ಓದಿ ಹೇಳಿದೆ, ಗಾದಿ ಹತ್ತಿ ಹೊಳ್ಳಿ ಗಂಟು ಕಟ್ಟಿ ಇಟ್ಲು. ಅಂದ್ರ ಕಾಗದವೇ ಅಂತಾತು. ಮನ್ಯಾಗ ಪೇಪರ್ ರದ್ದಿ ಗಟ್ಟಲೆ ಅದ, ಅದನ್ನೇ ಹರಿದು ಹಾಕ್ಲ್ಯಾ? ಇಲ್ಲಾ ನೋಟ್‌ಬುಕ್ ಹಾಳಿ ಬೇಕಾ? ಕಾರ್ನ್ ಕಾಬ್ ಅಂತ ಮೆಕ್ಕಿಜೋಳದ ಬೆಂಡಿನ ಹರಳೂ ಆನ್‌ಲೈನಿನಾಗ ತೋರಸ್ತದ.

ಅನಿಮಲ್‌ಹೌಸ್_ಹಳಬ

ಮೆಕ್ಕಿಜೋಳದ ಬೆಂಡಿನ ಹರಳು ಗಂಡಿಲಿ ಪಂಜರಕ್ಕ ಹಾಕೋರು ಹಾಕ್ತಾರ. ಮರಿ ಮಾಡಸೋ ಪಂಜರಕ್ಕ ಬ್ಯಾಡ. ಅದರಿಂದ ಗೂಡು ಕಟ್ಟಲಿಕ್ಕ ಬರೋದಿಲ್ಲ, ಒದ್ದಿ ಆದ್ರ ಬೂಸ್ಟು, ತಾಯಿ ತಿನ್ನಲಿಕ್ಕೂ ನೋಡತದ. ಮ್ಯಾಲ, ಅದರಾಗಿನ ಕೆಲವು ರಾಸಾಯನಿಕ ಹೆಣ್ಣಿಲಿಯ ಋತುಚಕ್ರ ಏರುಪೇರು ಮಾಡ್ತಾವ ಅಂತ 2002ರಾಗೇ ಸಂಶೋಧನೆ ಬಂದದ. ತಳಿ ಮಾಡೋರಿಗೆ ಇದಕ್ಕಿಂತ ಬ್ಯಾರೆ ಕಾರಣ ಬೇಕೇನು?

ನ್ಯೂಸ್ ಪೇಪರ್: ಅದರಾಗ ಬಜಿ ಕಟ್ಟಬ್ಯಾಡ್ರಿ ಅಂತ ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2016ರಾಗ ಹೇಳ್ತು, 2023ರಾಗ ಮತ್ತ ಹೇಳ್ತು, ಶಾಯಿಯಾಗ ಸೀಸ ಹಂಥಾ ಭಾರದ ಲೋಹ ಇರ್ತಾವ ಅಂತ. ನಾವು ಎರಡು ನಿಮಿಷ ಬಜಿ ಹಿಡಿಯೋ ಕಾಗದದಾಗ ಮರಿ ಮೂರು ವಾರ ಬರೇ ಮೈಲೆ ಉಳ್ಳಾಡತದ, ತಾಯಿ ಆ ಮೈ ದಿನಾ ನೆಕ್ಕತದ. ಪಂಜರದ ತಟ್ಟಿ ಕೆಳಗ ಹಾಸ್ರಿ, ಗೂಡಿನಾಗ ಬ್ಯಾಡ. ಹೊಳಪಿನ ಕಾಗದ, ಎಟಿಎಂ, ಅಂಗಡಿಯ ಬಿಲ್ಲಿನ ಕಾಗದ ಇವೂ ಬ್ಯಾಡ, ಬಿಲ್ಲಿನ ಕಾಗದಕ್ಕ ರಾಸಾಯನಿಕ ಲೇಪ ಇರ್ತದ.

ನಾ ಹೇಳೋ ರೀತಿ ಇದು. ಗಟ್ಟಿ ತಳದ ದೊಡ್ಡ ಪ್ಲಾಸ್ಟಿಕ್ ಟಬ್ಬು, ಮ್ಯಾಲ ಜಾಳಿಗಿ. ತಂತಿ ತಳ ಬ್ಯಾಡೇ ಬ್ಯಾಡ, ಮರಿ ಕಾಲು ಸಿಗತದ. ಪಕ್ಕದ ತಂತಿ ಸಂದು ದೊಡ್ಡದಿದ್ರ ಮರಿ ಹೊರಗ ಉರುಳತದ. ತಳಕ್ಕ ಹೊಸಾ ರಟ್ಟಿನ ಡಬ್ಬಿ ಸಣ್ಣ ಚೂರು ಮಾಡಿ ಎರಡು ಬೆರಳು ದಪ್ಪ ಹಾಕ್ರಿ, ಉಚ್ಚಿ ಅದು ಹೀರತದ. ಟೇಪು, ಪಿನ್ನು ಕಿತ್ತಿ ಹಾಕ್ರಿ. ಅದರ ಮ್ಯಾಲ ಬರೀದ ಬಿಳಿ ಹಾಳಿ ಬೆರಳಗಲ ಪಟ್ಟಿ ಹರಿದದ್ದು. ಮಷಿನ್ನಿನಾಗ ಪುಡಿ ಮಾಡಿದ್ದಕ್ಕಿಂತ ಕೈಲೆ ಹರಿದದ್ದು ಧೂಳು ಕಮ್ಮಿ. ಕಡೀಕ ವಾಸನಿ ಇಲ್ಲದ ಬಿಳಿ ಟಿಶ್ಯೂ ಒಂದು ಮೂಲ್ಯಾಗ ಹಂಗೇ ಇಡ್ರಿ, ಹರಿಬ್ಯಾಡ್ರಿ. ತಾಯಿ ತಾನೇ ಹರಿದು, ಬಾಯಾಗ ಮೆದು ಮಾಡಿ, ಒಳಗಿನ ಪದರ ಕಟ್ಟತದ. ನೀವು ಕಟ್ಟಿಕೊಟ್ಟ ಗೂಡು ಅದು ಹೆಂಗಿದ್ರೂ ಕೆದರಿ ಮತ್ತ ಕಟ್ಟೋದೇ. ಬರೇ ಟಿಶ್ಯೂ ಮ್ಯಾಲೇ ಬಿಡಬ್ಯಾಡ್ರಿ, ಒದ್ದಿ ಆದ್ರ ಮುದ್ದಿ ಆಗಿ ಮರಿ ಮೈಗೆ ಅಂಟತದ.

ಮೊಟ್ಟಿ ಟ್ರೇ ಹಾಕ್ತೀನಿ ಅನ್ನೋರಿಗೆ: ಹೊಸಾದು ಸಿಕ್ಕರ ಹಾಕ್ರಿ. ಬಳಸಿದ್ದರ ಮ್ಯಾಲ ಕೋಳಿ ಹಿಕ್ಕಿ, ಸಾಲ್ಮೊನೆಲ್ಲಾ ಅನ್ನೋ ಭೇದಿ ತರೋ ರೋಗಾಣು ಇರ್ತಾವ.

ಸೇಡಂರೋಡ್_ಇಲಿಮನಿ

ನೋಟ್‌ಬುಕ್ಕಿನ ಖಾಲಿ ಹಾಳಿ ಭಾಳ ಅವ, ಪಿನ್ನು ತಗೀತೀನಿ. ಸ್ವಚ್ಛ ಯಾವಾಗ ಮಾಡ್ಬೇಕು? ಮರಿ ಮುಟ್ಟಿದ್ರ ತಾಯಿ ತಿಂತದ ಅಂತ ಹೇಳ್ತಾರಲ್ಲ, ಖರೇನಾ? ಇನ್ನೊಂದು ಹೆದರಿಕಿ, ನಮ್ಮ ಮನ್ಯಾಗ ಬ್ಯಾಸಿಗಿಗೆ ಕೆಂಪಿರುವಿ ಸಾಲು ಹಚ್ಚತಾವ.

ಆಳಂದದ_ಅಕ್ಕ

ಇರುವಿ ವಿಷಯ ಹಗುರ ತಗೋಬ್ಯಾಡ. ಹುಟ್ಟಿದ ದಿನ ರಕ್ತದ ವಾಸನಿಗೆ ಬರ್ತಾವ, ಮರಿ ಓಡಿ ಹೋಗ್ಲಿಕ್ಕ ಬರೋದಿಲ್ಲ. ಟಬ್ಬು ಒಂದು ಸ್ಟೂಲಿನ ಮ್ಯಾಲ ಇಡು, ಸ್ಟೂಲಿನ ನಾಕೂ ಕಾಲು ನೀರಿನ ವಾಟಗದಾಗ ಇಡು. ನೀರಿಗೆ ಒಂದು ಹನಿ ಪಾತ್ರಿ ತೊಳಿಯೋ ಲಿಕ್ವಿಡ್ ಹಾಕಿದ್ರ ಇರುವಿ ತೇಲಿ ದಾಟೋದಿಲ್ಲ. ಟಬ್ಬು ಗ್ವಾಡಿಗೆ ತಾಗಬಾರದು. ಇರುವಿಗೆ ಗೆರಿ ಎಳಿಯೋ ವಿಷದ ಚಾಕ್‌ಪೀಸು, ಡಾಂಬರ ಗುಳಿಗಿ ಪಂಜರದ ಹತ್ರ ತರಬ್ಯಾಡ. ಸ್ಟೂಲ್ ಒರೆಸ್ಲಿಕ್ಕ ಫಿನಾಯಿಲೂ ಬ್ಯಾಡ, ಬಿಸಿನೀರು, ಸಾಬೂನು ಸಾಕು.

ಅನಿಮಲ್‌ಹೌಸ್_ಹಳಬ

ಇಲಿ ಗಬ್ಬದ ದಿನ 21ರಿಂದ 23. ಜೋಡಿ ಮಾಡಿದ ದಿನ ನೆನಪಿದ್ರ 19ನೇ ದಿನಕ್ಕ ಪೂರಾ ಟಬ್ಬು ತೊಳೆದು ಹೊಸಾ ಹಾಸು ಹಾಕ್ರಿ. ಹಳೀ ಹಾಸಿನ ಒಣಗಿದ ಒಂದು ಮುಷ್ಟಿ ಉಳಿಸಿ ಅದರಾಗೇ ಸೇರಸ್ರಿ, ತಾಯಿಗೆ ತನ್ನ ಮನಿ ವಾಸನಿ ಸಿಗಲಿ. ಆಮ್ಯಾಲ ಗೂಡಿಗೆ ಕೈ ಬ್ಯಾಡ. ಹಡದ ಮ್ಯಾಲ ಮೊದಲ ಮೂರು ನಾಕು ದಿನ ಉಚ್ಚಿ ಮೂಲಿ ಅಷ್ಟೇ ತೆಗೆದು ಹೊಸಾ ಕಾಗದ ಇಡ್ರಿ. ಎಲ್ಲಾ ಒಮ್ಮೆ ಬದಲಿ ಮಾಡಿದ್ರ ತಾಯಿ ಗಾಬರಿ ಆಗಿ ಮರಿ ಬಾಯಾಗ ಹಿಡ್ಕೊಂಡು ಓಡಾಡತದ.

ಕೈಯಾಗ ಬೆಳೆದ ಇಲಿ ಇದ್ರ ಮರಿ ಮುಟ್ಟಿದಕ್ಕ ತಿನ್ನೋದಿಲ್ಲ. ಹೆದರಿದ್ರ, ನೀರು ಆಹಾರ ಕಮ್ಮಿ ಬಿದ್ರ, ಮರಿ ಸತ್ತಿದ್ರ, ರೋಗಿಷ್ಟ ಇದ್ರ ತಿಂತದ. ಹಂಗಾಗಿ ದಿನಕ್ಕ ಒಂದು ಸಲ, ತಾಯಿ ತಿನ್ಲಿಕ್ಕ ಹೊರಗ ಬಂದಾಗ, ಕೈ ಮೊದಲು ಅದರದೇ ಹಾಸಿನಾಗ ತಿಕ್ಕೊಂಡು ಗೂಡು ಸರಿಸಿ ನೋಡ್ರಿ. ಹೊಟ್ಟಿಯಾಗ ಹಾಲಿನ ಪಟ್ಟಿ ಅದ ಇಲ್ಲೋ, ಬಾಲಕ್ಕ ಉಂಗುರ ಬಿದ್ದದ ಇಲ್ಲೋ, ಎಳಿ ಏನರೆ ಸುತ್ತ್ಯದ ಇಲ್ಲೋ, ಸತ್ತ ಮರಿ ಅದ ಇಲ್ಲೋ. ಇಷ್ಟು ನೋಡಿ ಮುಚ್ಚಿ ಬಿಡ್ರಿ.

ಒಂದು ವಾರ ಹತ್ತು ದಿನಕ್ಕ ತುಪ್ಪಳ, ಎರಡು ವಾರಕ್ಕ ಕಣ್ಣು. ಕಣ್ಣು ಬಿಟ್ಟ ಮ್ಯಾಲ ಅವು ಟಬ್ಬಿನ ತುಂಬ ಹರದಾಡ್ತಾವ, ತಾಯಿ ಆಹಾರ ಮೂಸ್ತಾವ, ಹಾಸೂ ಬಾಯಿಗೆ ಹಾಕ್ತಾವ. ಅಲ್ಲಿಂದ ಪೂರಾ ಸ್ವಚ್ಛ ಮಾಡೋದು ಶುರು ಮಾಡ್ರಿ, ಉಚ್ಚಿ ಒಮ್ಮೆಗೇ ಹೆಚ್ಚಾಗತದ. ಹತ್ತು ಮರಿ ಇದ್ರ ದಿನಾ ಕಾಗದ ಹರಿಯೋದೇ ಕೆಲಸ ಆಗತದ, ಈಗಲೇ ಒಂದು ಚೀಲ ಹರಿದು ಇಡ್ರಿ. ಫ್ಲೀಸ್ (ಮೆತ್ತನ್ನ ಉಣ್ಣಿಯಂಥ) ಬಟ್ಟಿ ಹಾಕೋರು ಇದ್ರ ಮೂರು ವಾರ ಆದ ಮ್ಯಾಲ ಹಾಕ್ರಿ, ಮೊದಲ ಬ್ಯಾಡ, ಸಣ್ಣ ಮರಿ ಕೆಳಗ ಹೋಗಿ ಸಿಕ್ಕೊಂತಾವ.

ಬೀದರ_ಪಶುವೈದ್ಯ

ಹಾಸಿನ ಬಗ್ಗೆ ಅಲ್ಲ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಗಂಡು ಇಲಿ ಅದೇ ಪಂಜರದಲ್ಲಿದ್ದರೆ ಇವತ್ತೇ ಬೇರೆ ಮಾಡಿ. ಮರಿ ಹಾಕಿದ 24 ಗಂಟೆಯೊಳಗೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಹಾಲು ಕೊಡುತ್ತಲೇ ಮತ್ತೊಂದು ಗಬ್ಬ ಹೊತ್ತರೆ ತಾಯಿ ಸೊರಗುತ್ತದೆ. ಮರಿಗಳಲ್ಲೂ ಗಂಡು ಹೆಣ್ಣು ಐದು ವಾರದೊಳಗೆ ಬೇರೆಯಾಗಬೇಕು.

ಸೇಡಂರೋಡ್_ಇಲಿಮನಿ

ಗಂಡು ಮೊದಲೇ ಬ್ಯಾರೆ ಪಂಜರದಾಗ ಅದ ಡಾಕ್ಟರ್. ಟಬ್ಬು ಸೂಪರ್ ಮಾರ್ಕೆಟ್‌ನಾಗ ತಂದೆ, ಜಾಳಿಗಿ ಕೊರಿಲಿಕ್ಕ ರಂಧಾ ಅಣ್ಣಾರ ಕಡೆ ಬರಬೇಕು ಅಂತೀನಿ.

ರಂಧಾ_ಹೊಡಿಯಾವ

ಐತವಾರ ಮುಂಜಾನಿ ಬಾ, ಅಂಗಡಿ ಬಂದ್ ಇದ್ರೂ ನಾ ಇರ್ತೀನಿ. ಅಂಚು ಉಜ್ಜಿ ಕೊಡ್ತೀನಿ, ತಂತಿ ತುದಿ ಒಳಗ ಬರದಂಗ.

ಕೂಲರ್_ರಿಪೇರಿ

ಹ್ಯಾಮ್‌ಸ್ಟರಿಗೂ ಇದೇ ನಡೀತದಾ? ನಮ್ಮ ತಮ್ಮ ತಂದಾನ.

ಆಳಂದದ_ಅಕ್ಕ

ಹಾಸು ಇದೇ. ಆದ್ರ ಹ್ಯಾಮ್‌ಸ್ಟರ್ ತಾಯಿ ಇಲಿ ಹಂಗ ತಾಳ್ಮಿದಲ್ಲ, ಗೂಡಿಗೆ ಕೈ ಹಾಕಿದ್ರ ಮರಿ ತಿಂತದ. ಮೊದಲ ಎರಡು ವಾರ ನೀರು, ಆಹಾರ ಇಟ್ಟು ದೂರ ಇರ್ರಿ. ನೀನು ಬ್ಯಾರೆ ಪೋಸ್ಟ್ ಹಾಕು, ಇಲ್ಲಿ ಇಲಿ ಮಾತೇ ಮುಗಿದಿಲ್ಲ.